ಹಕ್ಕರಕಿ ಕಳೆಯೋ, ಪಲ್ಯವೋ?

ಯಾದಗಿರಿ, ಶಹಾಪುರ, ಸುರಪುರ ಎಂದೊಡನೆ ನಗರವಾಸಿಗಳ ಕಣ್ಣಮುಂದೆ ಬರುವುದು ಬಂಡೆಗಲ್ಲಿನ ಗುಡ್ಡ, ಬಿರುಬಿಸಿಲು ಮತ್ತು ಗುಳೆ ಹೋಗುವ ಜನ. ಸಸ್ಯವೈವಿಧ್ಯವೆಂದರೆ ಸಹ್ಯಾದ್ರಿಯ ಕಾಡು ಎಂದು ತಿಳಿದವರಿಗೆ ಈ ಬಯಲು ಬರಿದಾಗಿಯೇ ಕಾಣುತ್ತದೆ. ಇಲ್ಲಿಯ ಗಿಡಗಳ ಹೆಸರುಗಳನ್ನು ಗಮನಿಸಿದವರು ಹಾಗೆ ಹೇಳಲಾರರು.

ಜಾಲಿಯನ್ನೇ ನೋಡಿ. ಕರಿಜಾಲಿ ಬೇರೆ, ಬಿಳಿಜಾಲಿ ಬೇರೆ, ಬಳ್ಳಾರಿ ಜಾಲಿ ಬೇರೆ. ಮೊದಲೆರಡು ಈ ನೆಲದವು. ಮೂರನೆಯದು ಬಳ್ಳಾರಿಯ ಹೆಸರು ಹೊತ್ತಿದ್ದರೂ ಅಮೆರಿಕ ಖಂಡದಿಂದ ಬಂದು ಗೋಮಾಳ, ಕೆರೆಯಂಗಳಗಳನ್ನು ಆಕ್ರಮಿಸಿದ ಮರ. ಮೈಸೂರು ಸೀಮೆಯ ಆವರಿಕೆಗೆ ಕನ್ನಡದಲ್ಲಿ ತಂಗಡಿ ಎಂಬ ಇನ್ನೊಂದು ಹೆಸರಿದೆ. ಗಡಿಯಾಚೆ ಅದೇ ತಂಗೇಡು, ತೆಲಂಗಾಣದ ರಾಜ್ಯಪುಷ್ಪ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯ ನುಡಿನಂಟನ್ನು ಗಿಡದ ಹೆಸರೂ ನೆನಪಿಸುತ್ತದೆ.

ಎರೆಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ ಕೃಷಿ ಪುಸ್ತಕಕ್ಕೆ ಕಳೆ. ಜೋಳದ ರೊಟ್ಟಿಯೊಡನೆ ಅದನ್ನು ಹಸಿಯಾಗಿಯೇ ತಿನ್ನುವ ಮನೆಗೆ ಪಲ್ಯ. ನಾರಾಯಣಪುರ ಜಲಾಶಯದ ಕಾಲುವೆಗಳು ಸುರಪುರ, ಶಹಾಪುರದ ಒಣಭೂಮಿಗೆ ನೀರು ತಂದವು, ಭತ್ತ ಬಂದಿತು. ರೈತನಿಗೆ ನೀರು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಕೆಸರುಗದ್ದೆಯಲ್ಲಿ ಹಕ್ಕರಕಿ ಬೆಳೆಯದು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಕಳೆ ಕೀಳುವ ಹೆಂಗಸರಿಗೆ ಕೆಲಸವೂ ಇರದು. ಯಾವ ಗಿಡ ತಿನ್ನಬಹುದು, ಯಾವುದು ಮದ್ದು, ಯಾವುದು ವಿಷ ಎಂಬ ಅರಿವು ತಾಯಿಯಿಂದ ಮಗಳಿಗೆ ದಾಟುತ್ತಿದ್ದುದು ಆ ಕೆಲಸದ ನಡುವೆಯೇ.

ಈ ಅರಿವನ್ನು ಬರೆದಿಡಲು ಕಾನೂನಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಬೇಕು. ಅವು ಜನರೊಡನೆ ಸಮಾಲೋಚಿಸಿ ಊರಿನ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಾಳೆ ಉದ್ದಿಮೆಯೊಂದು ಇಲ್ಲಿಯ ಗಿಡದಿಂದ ಲಾಭ ಗಳಿಸಿದರೆ, ಊರಿನವರು ಪಾಲು ಕೇಳಲು ಆಧಾರವಾಗಬಲ್ಲದು ಈ ದಾಖಲೆಯೇ. ಬೇರೆ ಜಿಲ್ಲೆಯ ಪಟ್ಟಿಯನ್ನು ನಕಲು ಮಾಡಿ ಪುಟ ತುಂಬಿಸಿದರೆ ಆ ಆಧಾರ ಉಳಿಯದು ಎಂಬುದೇ ನನ್ನ ಆತಂಕ.

ಊರಹೆಸರೊಂದೇ ಸಾಲದೆಂಬುದು ನಿಜ. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಎರಡೂ ಬೇರೆ ಬೇರೆ ಸಸ್ಯಗಳು. ಗಿಡ ಯಾವುದೆಂದು ಖಚಿತಪಡಿಸಲು ಶಾಸ್ತ್ರೀಯ ಹೆಸರು ಬೇಕೇ ಬೇಕು. ಅದರ ಗುಣ ಬಲ್ಲವರು ಯಾರೆಂಬುದನ್ನು ತಿಳಿಸುವುದು ಮಾತ್ರ ಊರಹೆಸರು. ಆದ್ದರಿಂದ ಎರಡನ್ನೂ ಅಕ್ಕಪಕ್ಕದಲ್ಲಿ ಬರೆಯಬೇಕು. ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಹೆಸರುಗಳಿಗೂ ಅಲ್ಲಿ ಜಾಗ ಇರಬೇಕು.

ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಸಸ್ಯಶಾಸ್ತ್ರ ಬಲ್ಲ ಒಬ್ಬ ಅಧ್ಯಾಪಕರು, ಕೆಲವು ವಿದ್ಯಾರ್ಥಿಗಳು ಮತ್ತು ಹೊಲದಲ್ಲಿ ಬಾಳು ಸವೆಸಿದ ಹಿರಿಯ ಹೆಂಗಸರು ಒಂದು ಮಳೆಗಾಲ, ಒಂದು ಚಳಿಗಾಲ ಜೊತೆಯಾಗಿ ನಡೆದರೆ ಊರಿನ ಪಟ್ಟಿ ಸಿದ್ಧವಾದೀತು. ಆ ಹೆಂಗಸರಿಗೆ ದಿನಗೂಲಿ ಕೊಟ್ಟು, ಅವರ ಹೆಸರನ್ನೂ ದಾಖಲೆಯಲ್ಲಿ ನಮೂದಿಸುವುದು ಪಂಚಾಯಿತಿಗಳ ಕರ್ತವ್ಯ. ಅವರು ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕು.