ಕಿಡ್ನಿ ಕಳ್ಳರನ್ನು ಹುಡುಕುವುದೆಲ್ಲಿ?

"ಮಕ್ಕಳನ್ನು ಅಪಹರಿಸಿ ಕಿಡ್ನಿ ತೆಗೆಯುವ ತಂಡ ಜಿಲ್ಲೆಗೆ ಬಂದಿಳಿದಿದೆ, ಎಚ್ಚರ!" ನಮ್ಮ ಭಾಗದ ಜನರಿಗೆ ಈ ಸಂದೇಶ ಹೊಸದೇನಲ್ಲ. ರಾತ್ರಿ ಕಲಬುರಗಿಯಲ್ಲಿ ಹೊರಟ ಒಂದು ಧ್ವನಿ ಸಂದೇಶ, ಬೆಳಗಾಗುವುದರೊಳಗೆ ಕಮಲಾಪುರದ ಚಹಾದಂಗಡಿಯಲ್ಲಿ ಪ್ರತ್ಯಕ್ಷ ಸಾಕ್ಷಿಯಾಗಿ ಬದಲಾಗಬಲ್ಲದು. ಕಳುಹಿಸಿದವನು ಕಂಡಿರುವುದಿಲ್ಲ, ಕೇಳಿದವನು ವಿಚಾರಿಸುವುದಿಲ್ಲ. ಆದರೆ ಆರೋಪಿ ಮಾತ್ರ ಸಿದ್ಧನಾಗಿರುತ್ತಾನೆ. ಆತ ದರ್ಗಾದ ಬಾಗಿಲಲ್ಲಿ ಕುಳಿತ ಫಕೀರನಾಗಿರಬಹುದು, ಕಂಬಳಿ ಮಾರುವ ಅಲೆಮಾರಿಯಾಗಿರಬಹುದು, ಬುದ್ಧಿಭ್ರಮಣೆಯಾದ ಅನಾಥನಾಗಿರಬಹುದು. ಎಷ್ಟೋ ಸಲ ಆ ಸ್ಥಾನದಲ್ಲಿ ಬುರ್ಖಾ ಧರಿಸಿದ ಮಹಿಳೆಯನ್ನೂ ನಿಲ್ಲಿಸಲಾಗಿದೆ.

ಕಮಲಾಪುರದಿಂದ ಹೆದ್ದಾರಿ ಹುಮನಾಬಾದ್‌ಗೆ ಹೋಗುತ್ತದೆ. ಅಲ್ಲಿಂದಾಚೆ ಬೀದರ್ ಜಿಲ್ಲೆಯ ಉತ್ತರದ ತುದಿಯಲ್ಲಿ ಔರಾದ್ ಭಾಗದ ಮುರ್ಕಿ ಗ್ರಾಮವಿದೆ. 2018ರ ಜುಲೈ 13ರಂದು ಕಾರಿನಲ್ಲಿ ಹೊರಟಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅಷ್ಟೇ ಸಾಕಾಯಿತು! ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸುದ್ದಿ ಕಾರಿಗಿಂತ ವೇಗವಾಗಿ ಮುರ್ಕಿ ತಲುಪಿತು. ರಸ್ತೆಗೆ ಅಡ್ಡಗಟ್ಟಲಾಯಿತು. ಕಾಪಾಡಲು ಬಂದ ಪೊಲೀಸರ ಮೇಲೂ ಗುಂಪು ಕೈ ಮಾಡಿತು. ಹೈದರಾಬಾದಿನ ಒಬ್ಬ ಯುವಕ ಅಲ್ಲಿಯೇ ಪ್ರಾಣ ಕಳೆದುಕೊಂಡ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಬಡ ಕಾರ್ಮಿಕನೊಬ್ಬ ಇದೇ ಸಂಶಯಕ್ಕೆ ಬಲಿಯಾಗಿದ್ದ. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ, ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯಿಂದ ಭಿಕ್ಷೆಗೆ ಹೋಗಿದ್ದ ಐವರು ಅಲೆಮಾರಿಗಳನ್ನು ಹೊಡೆದು ಕೊಲ್ಲಲಾಗಿತ್ತು. ಇವರಲ್ಲಿ ಯಾರೊಬ್ಬರ ಬಳಿಯೂ ಕದ್ದ ಮಗುವಿರಲಿಲ್ಲ.

ಅಷ್ಟಕ್ಕೂ, ದಾರಿಯಲ್ಲಿ ಸಿಕ್ಕ ಮಗುವಿನ ಕಿಡ್ನಿ ಕದ್ದು ಮಾರಲು ಸಾಧ್ಯವೇ? ಕಿಡ್ನಿಯೆಂದರೆ ಜೇಬುಗಳ್ಳನ ಕೈಗೆ ಸಿಗುವ ಪರ್ಸ್ ಅಲ್ಲ. ರಕ್ತದ ಗುಂಪು ಹೊಂದಬೇಕು, ಅಂಗಾಂಶದ ಪರೀಕ್ಷೆ ನಡೆಯಬೇಕು, ಕೊಡುವವನ ಮತ್ತು ಪಡೆಯುವವನ ರಕ್ತವನ್ನು ಬೆರೆಸಿ ನೋಡಬೇಕು. ತೆಗೆದ ಕಿಡ್ನಿ ತಂಪಿನಲ್ಲಿ ಒಂದು, ಒಂದೂವರೆ ದಿನ ಉಳಿದೀತು. ಹೃದಯ ಉಳಿಯುವುದು ನಾಲ್ಕರಿಂದ ಆರು ಗಂಟೆ ಮಾತ್ರ. ಶಸ್ತ್ರಚಿಕಿತ್ಸಕ, ಅರಿವಳಿಕೆ ತಜ್ಞ, ದಾದಿಯರು, ಸಜ್ಜಾದ ಕೊಠಡಿ ಮತ್ತು ಪಕ್ಕದಲ್ಲೇ ಮಲಗಿಸಿದ ರೋಗಿ, ಇವಿಷ್ಟೂ ಇಲ್ಲದೆ ಆ ಅಂಗಕ್ಕೆ ಕವಡೆ ಕಾಸಿನ ಬೆಲೆಯೂ ಇಲ್ಲ.

ಹಾಗಾದರೆ ಅಂಗಾಂಗ ವ್ಯಾಪಾರವೆಂಬುದೇ ಸುಳ್ಳೇ? ಖಂಡಿತ ಅಲ್ಲ. 1995ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬಯಲಿಗೆ ಬಂದ ಕಿಡ್ನಿ ಹಗರಣ ಇಡೀ ದೇಶವನ್ನು ಬೆಚ್ಚಿಬೀಳಿಸಿತ್ತು. ಬಡ ಕೂಲಿಗಳಿಗೆ ಕೆಲಸದ ಆಸೆ ತೋರಿಸಿ ಕರೆತಂದು ಕಿಡ್ನಿ ತೆಗೆಯಲಾಗಿದೆ ಎಂಬ ದೂರಿನ ಮೇಲೆ ಬಂಧಿತರಾದವರಲ್ಲಿ ವೈದ್ಯರೂ ಇದ್ದರು. ಅಂಗಾಂಗ ವ್ಯಾಪಾರವನ್ನು ನಿಷೇಧಿಸುವ ಮಾನವ ಅಂಗಾಂಗ ಕಸಿ ಕಾಯ್ದೆಯನ್ನು ಸಂಸತ್ತು 1994ರಲ್ಲೇ ಅಂಗೀಕರಿಸಿದ್ದರೂ ಅದು ಜಾರಿಗೆ ಬಂದದ್ದು 1995ರ ಫೆಬ್ರವರಿ 4ರಂದು. 2008ರಲ್ಲಿ ಗುರಗಾಂವ್‌ನ ಜಾಲ ಪತ್ತೆಯಾಯಿತು. ಉತ್ತರ ಪ್ರದೇಶದ ಬಡ ಕಾರ್ಮಿಕರನ್ನು ಕೆಲಸದ ನೆಪದಲ್ಲಿ ಕರೆತಂದು, ಕೆಲವರನ್ನು ಬೆದರಿಸಿ, ಕಿಡ್ನಿ ಕಿತ್ತ ಪ್ರಕರಣವದು. ನೇಪಾಳದಲ್ಲಿ ಸಿಕ್ಕಿಬಿದ್ದ ಅದರ ಸೂತ್ರಧಾರನಿಗೆ 2013ರಲ್ಲಿ ಸಿಬಿಐ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು. ಬಲಾತ್ಕಾರ ನಡೆದೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಗಮನಿಸಿ: ಅಲ್ಲಿ ಬಲಿಯಾದವರು ಕೆಲಸ ಹುಡುಕಿ ಹೊರಟ ಬಡವರು. ಹೆದ್ದಾರಿಯ ಭಿಕ್ಷುಕನ ಪಾತ್ರ ಎಲ್ಲಿಯೂ ಇರಲಿಲ್ಲ!

ಕಾನೂನು ಬಂದ ಬಳಿಕ ಈ ದಂಧೆ ತನ್ನ ವೇಷ ಬದಲಿಸಿತು. ಹತ್ತಿರದ ರಕ್ತಸಂಬಂಧಿಗಳು ಮತ್ತು ಪತಿ-ಪತ್ನಿಯರ ಹೊರತಾಗಿ ಬೇರೆಯವರು ಕೊಡಬೇಕಾದರೆ, ಅದು ಪ್ರೀತಿ ವಿಶ್ವಾಸದಿಂದ ಕೊಡುತ್ತಿರುವ ದಾನವೆಂದು ಸರಕಾರದ ಸಮಿತಿಗೆ ಮನವರಿಕೆಯಾಗಬೇಕು. ದಲ್ಲಾಳಿಗೆ ಕೆಲಸ ಸಿಕ್ಕಿದ್ದೇ ಇಲ್ಲಿ. ಆತ ಸಾಲದಲ್ಲಿ ಮುಳುಗಿದವನನ್ನು ಹುಡುಕುತ್ತಾನೆ, ಸುಳ್ಳು ಸಂಬಂಧದ ಕಾಗದ ಸೃಷ್ಟಿಸುತ್ತಾನೆ, ಸಮಿತಿಯ ಮುಂದೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸುತ್ತಾನೆ. 2011ರ ತಿದ್ದುಪಡಿಯ ಪ್ರಕಾರ ಅಂಗಾಂಗ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಸೆರೆಮನೆ ಮತ್ತು 20 ಲಕ್ಷದಿಂದ ಒಂದು ಕೋಟಿ ರೂಪಾಯಿ ದಂಡ. ಆದರೆ ಹಣ ಪಡೆದು ಮಾರಿದವನೂ ಇದೇ ಕಾನೂನಿನಡಿ ಅಪರಾಧಿ. ಆದ್ದರಿಂದ ಮೋಸಹೋದವನು ದೂರು ಕೊಡಲು ಅಂಜುತ್ತಾನೆ. ಅವನ ಈ ಅಂಜಿಕೆಯೇ ದಲ್ಲಾಳಿಯ ಬಂಡವಾಳ.

ಇನ್ನೊಂದು ಭ್ರಮೆಯೂ ಇದೆ: ಒಂದು ಕಿಡ್ನಿ ಮಾರಿದರೆ ಜೀವನ ನೆಟ್ಟಗಾಗುತ್ತದೆ ಎಂಬುದು. ಹೆಸರಾಂತ ಆಸ್ಪತ್ರೆಗಳ ಹೆಸರು ಬಳಸಿ ಕೋಟಿ ರೂಪಾಯಿ ಕೊಡುವುದಾಗಿ ಅಂತರ್ಜಾಲದಲ್ಲಿ ಜಾಹೀರಾತು ಹಾಕಿ, ನೋಂದಣಿ ಶುಲ್ಕದ ಹೆಸರಲ್ಲಿ ಬಡವನ ಕೊನೆಯ ಕಾಸನ್ನೂ ದೋಚುವ ವಂಚಕರಿದ್ದಾರೆ. ನಿಜವಾಗಿ ಮಾರಿದವರ ಗತಿಯೇನು? ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಮಂದಿಯ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅವರಲ್ಲಿ ಶೇ. 96 ಮಂದಿ ಮಾರಿದ್ದು ಸಾಲ ತೀರಿಸಲಿಕ್ಕಾಗಿ. ಮಾರಿದ ಬಳಿಕ ಕುಟುಂಬದ ಆದಾಯ ಮೂರನೇ ಒಂದರಷ್ಟು ಕುಸಿದಿತ್ತು. ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಸಾಲದಲ್ಲೇ ಇದ್ದರು. ಆರೋಗ್ಯ ಕೆಟ್ಟಿತೆಂದವರು ಶೇ. 86. ಮಾರಿದವರಲ್ಲಿ ಶೇ. 71 ಮಂದಿ ಮಹಿಳೆಯರು! ಕಿಡ್ನಿ ಹೋಯಿತು, ಸಾಲ ಉಳಿಯಿತು.

ಈಗ ಹೇಳಿ, ಹೆದ್ದಾರಿಯ ಕಿಡ್ನಿ ಕಳ್ಳನ ಕಥೆಯಿಂದ ಲಾಭ ಯಾರಿಗೆ? ಜನರೆಲ್ಲ ಅಪರಿಚಿತನ ಬೆನ್ನು ಹತ್ತಿರುವಾಗ ಪರಿಚಿತನಾದ ದಲ್ಲಾಳಿ ನಿಶ್ಚಿಂತನಾಗಿರುತ್ತಾನೆ. ಸುಳ್ಳು ಕಾಗದಕ್ಕೆ ಮೊಹರು ಒತ್ತಿದವನನ್ನು ಯಾರೂ ಪ್ರಶ್ನಿಸುವುದಿಲ್ಲ. ಕಣ್ಣು ಮುಚ್ಚಿ ಕತ್ತರಿ ಹಿಡಿದ ವೈದ್ಯನನ್ನೂ, ಹಣವಿದೆಯೆಂದು ಇನ್ನೊಬ್ಬನ ದೇಹವನ್ನು ಖರೀದಿಸಿದವನನ್ನೂ ಯಾವ ಗುಂಪೂ ಸುತ್ತುವರಿಯುವುದಿಲ್ಲ. ಬಡವನ ಅಂಗ ಕದ್ದವನ ಬದಲಿಗೆ ಇನ್ನೊಬ್ಬ ಬಡವನಿಗೆ ಶಿಕ್ಷೆ!

ತಾಯಿಯ ಭೀತಿಯನ್ನು ನಾವು ಹಗುರವಾಗಿ ಕಾಣಬಾರದು. ಮಕ್ಕಳು ಕಾಣೆಯಾಗುತ್ತಾರೆ ಎಂಬುದು ನಿಜ. ಆಗ ಮಾಡಬೇಕಾದುದು 112 ಅಥವಾ 1098ಕ್ಕೆ ಕರೆ ಮಾಡುವುದು, ತಕ್ಷಣ ಠಾಣೆಗೆ ಹೋಗುವುದು. ಮಗು ಕಾಣೆಯಾದ ದೂರಿನ ಮೇಲೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. ದೊಣ್ಣೆ ಹಿಡಿದು ರಸ್ತೆಗಿಳಿಯಲು ಯಾವ ನ್ಯಾಯಾಲಯವೂ ಹೇಳಿಲ್ಲ.

ಇನ್ನು ನಮ್ಮ ಸಮುದಾಯದ ಮಾತು. ವದಂತಿಯ ಬಲಿಪಶುಗಳ ಬಗ್ಗೆ ಕಣ್ಣೀರು ಹಾಕುವ ನಾವೇ ಅದನ್ನು ಮುಂದಕ್ಕೆ ಕಳುಹಿಸುವವರ ಸಾಲಿನಲ್ಲೂ ಇದ್ದೇವಲ್ಲ! ಕಲಬುರಗಿಯ ಮೊಹಲ್ಲಾಗಳಲ್ಲಿ ವಾರದ ಕಂತು ಕಟ್ಟಲಾಗದೆ ಬಾಗಿಲು ಹಾಕಿಕೊಂಡು ಕುಳಿತ ಸಹೋದರಿಯ ಮನೆ ನಮಗೆ ಗೊತ್ತಿದೆಯೇ? ಕಿರುಸಾಲ ವಸೂಲಿಯ ದೌರ್ಜನ್ಯದ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಆದರೆ ಕಾನೂನು ಸಾಲ ತೀರಿಸುವುದಿಲ್ಲ. ಸಾಲದಲ್ಲಿ ಸಿಲುಕಿದವರು ಝಕಾತ್‌ಗೆ ಹಕ್ಕುದಾರರು ಎಂಬುದು ನಮಗೆ ತಿಳಿಯದ ವಿಷಯವಲ್ಲ. ಡಯಾಲಿಸಿಸ್‌ಗಾಗಿ ಅಲೆಯುವ ಕುಟುಂಬದ ಬಾಗಿಲಿಗೆ ದಲ್ಲಾಳಿಗಿಂತ ಮೊದಲು ಮಸೀದಿಯ ಜಮಾಅತ್ ತಲುಪಬೇಡವೇ?

ದಾನದ ಬಗೆಗೂ ಸ್ಪಷ್ಟತೆ ಬೇಕು. ವ್ಯಾಪಾರ ಬೆಳೆಯುವುದು ಕೊರತೆಯಿಂದ. 2023ರಲ್ಲಿ ಇಡೀ ಕರ್ನಾಟಕದಲ್ಲಿ ಮರಣಾನಂತರ ಅಂಗಾಂಗ ದಾನ ಮಾಡಿದವರು 178 ಮಂದಿ ಮಾತ್ರ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲೇ ಷರತ್ತುಗಳೊಂದಿಗೆ ದಾನಕ್ಕೆ ಅನುಮತಿ ನೀಡಿ, ಮಾರಾಟವನ್ನು ನಿಷಿದ್ಧವೆಂದು ಸಾರಿದೆ. ಭಿನ್ನ ಅಭಿಪ್ರಾಯದ ಉಲಮಾಗಳೂ ಇದ್ದಾರೆ. ಆದರೆ ಮಾರಾಟ ಸಲ್ಲದೆಂಬ ಬಗ್ಗೆ ಭಿನ್ನಮತಕ್ಕೆ ಆಸ್ಪದವೆಲ್ಲಿದೆ? ದೇಹವು ಅಲ್ಲಾಹನ ಅಮಾನತ್. ಅಮಾನತ್ತಿಗೆ ಬೆಲೆ ಕಟ್ಟುವ ಅಧಿಕಾರ ಕೊಳ್ಳುವವನಿಗೂ ಇಲ್ಲ, ಮಾರುವವನಿಗೂ ಇಲ್ಲ.

ಆದ್ದರಿಂದ ಮುಂದಿನ ಸಲ ಆ ಸಂದೇಶ ನಿಮ್ಮ ಮೊಬೈಲಿಗೆ ಬಂದಾಗ ಅದನ್ನು ಅಲ್ಲಿಯೇ ಅಳಿಸಿಬಿಡಿ. ಬಳಿಕ ನಿಮ್ಮ ಬೀದಿಯಲ್ಲಿ ಸಾಲದಿಂದ ಕಂಗೆಟ್ಟ ಮನೆ ಯಾವುದೆಂದು ವಿಚಾರಿಸಿ. ಕಿಡ್ನಿ ಕಳ್ಳನು ಬರುವುದಿದ್ದರೆ ಆ ಮನೆಗೇ ಬರುತ್ತಾನೆ.