ಉಳಿದವರ ಸಾಕ್ಷಿ

ಬೇಸಗೆಯಲ್ಲಿ ಬೀಚನಹಳ್ಳಿಯ ಕಪಿಲಾ ಜಲಾಶಯದ ನೀರು ತಗ್ಗಿತೆಂದರೆ, ಎಂದೋ ಮುಳುಗಿದ ಕಾಡಿನ ಒಣಬೊಡ್ಡೆಗಳು ಒಂದೊಂದಾಗಿ ತಲೆಯೆತ್ತುತ್ತವೆ. ಪತ್ತೇದಾರಿ ಚಿತ್ರದ ಕಡೆಯ ರೀಲಿನಿಂದ ಪ್ರೇಕ್ಷಕನು ಬಯಸುವುದೂ ಇದನ್ನೇ. ಎರಡೂವರೆ ಗಂಟೆ ಮುಚ್ಚಿಟ್ಟದ್ದೆಲ್ಲ ಆಗ ಮೇಲೆ ಬರಬೇಕು; ಕೊಲೆಗಾರನ ಹೆಸರು ತಿಳಿಯಬೇಕು; ಅವನ ಕೈಗೆ ಕೋಳ ಬೀಳಬೇಕು; ಮನೆಮಂದಿಯೆಲ್ಲ ನೆಮ್ಮದಿಯಿಂದ ಮನೆಯ ದಾರಿ ಹಿಡಿಯಬೇಕು.

ಆದರೆ ಕೋಳ ಬಿದ್ದ ಮಾತ್ರಕ್ಕೆ ನೆಮ್ಮದಿ ಬರುವುದೇ? ಸ್ವೀಡನ್ನಿನ ಬೋ ವಿಡರ್ಬರ್ಗ್ 1976ರಲ್ಲಿ ತೆಗೆದ ‘ಮಾಡಿನ ಮೇಲಿನ ಮನುಷ್ಯ’ ಎಂಬ ಪತ್ತೇದಾರಿ ಚಿತ್ರದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾಗುತ್ತದೆ. ಕೊಂದವನು ಸೆರೆಸಿಕ್ಕುವ ಹೊತ್ತಿಗೆ ಪ್ರೇಕ್ಷಕನಿಗೆ ಇನ್ನೊಂದು ಸಂಗತಿ ತಿಳಿದಿರುತ್ತದೆ. ಅವನ ಹೆಂಡತಿ ರೋಗಿಷ್ಠೆ; ಕುಡಿದವಳೆಂದು ತಪ್ಪು ತಿಳಿದು ಠಾಣೆಯಲ್ಲಿ ಕೂಡಿಹಾಕಿದಾಗ ಅಲ್ಲಿಯೇ ತೀರಿಕೊಂಡವಳು. ಅಪರಾಧಿ ದೊರೆತ, ಅಪರಾಧ ಮಾತ್ರ ಅವನೊಬ್ಬನದಾಗಿ ಉಳಿಯಲಿಲ್ಲ.

ಗುಂಪುಗಳ ಹಗೆಯಿಂದಾಗುವ ಕೊಲೆಯಲ್ಲಂತೂ ಈ ತೊಡಕು ಮತ್ತಷ್ಟು ಹೆಚ್ಚು. ಹೊಡೆದ ಕೈ ಒಂದು, ಕಳುಹಿಸಿದ ಬಾಯಿ ಇನ್ನೊಂದು, ಕಂಡೂ ಸುಮ್ಮನಿದ್ದ ಕಣ್ಣುಗಳು ಹಲವು. ಸಮಾನ ಉದ್ದೇಶದಿಂದ ಹಲವರು ಕೂಡಿ ಅಪರಾಧವೆಸಗಿದರೆ, ಪ್ರತಿಯೊಬ್ಬನೂ ತಾನೊಬ್ಬನೇ ಎಸಗಿದಂತೆ ಹೊಣೆಗಾರನೆಂದು 1860ರ ದಂಡಸಂಹಿತೆಯ 34ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಆದರೆ ದೂರದಲ್ಲಿ ನಿಂತು ನೋಡಿದವನ ಮನಸ್ಸನ್ನು ಅಳೆಯುವ ಕೆಲಸ ಆ ಕಲಮಿನದಲ್ಲ. ಅದು ಕಥೆಗಾರನ ಪಾಲಿನದು.

ರಕ್ಷಿತ್ ಶೆಟ್ಟಿಯವರು ನಿರ್ದೇಶಿಸಿ ನಟಿಸಿದ ‘ಉಳಿದವರು ಕಂಡಂತೆ’ ಆ ಕೆಲಸವನ್ನು ಕೈಗೆತ್ತಿಕೊಂಡ ಕನ್ನಡ ಚಿತ್ರ. ಅದು ತೆರೆಕಂಡದ್ದು 2014ರ ಮಾರ್ಚಿಯಲ್ಲಿ. ಮಲ್ಪೆಯ ಕಡಲತೀರ, ಅಷ್ಟಮಿಯ ಸಡಗರ, ಹುಲಿವೇಷದ ತಾಸೆಯ ಸದ್ದು. ಅದರ ನಡುವೆ ನೆತ್ತರು. ಇಲ್ಲಿ ಪತ್ತೇದಾರನಿಲ್ಲ. ಇರುವವಳು ರೆಜಿನಾ ಎಂಬ ಪತ್ರಕರ್ತೆ. ನಡೆದುದನ್ನು ಬಲ್ಲವರ ಮಾತುಗಳನ್ನು ಅವಳು ಕೂಡಿಹಾಕುತ್ತಾಳೆ. ಕಥೆ ಅಧ್ಯಾಯಗಳಾಗಿ ಬಿಚ್ಚಿಕೊಳ್ಳುತ್ತದೆ. ರಿಚ್ಚಿ ಮತ್ತು ರಾಘು ಬಾಲ್ಯದ ಗೆಳೆಯರು. ಒಬ್ಬನ ಎಳೆತನ ರಿಮ್ಯಾಂಡ್ ಹೋಮಿನಲ್ಲಿ ಕಳೆಯಿತು; ಇನ್ನೊಬ್ಬ ಊರು ತೊರೆದು, ವರ್ಷಗಳ ಮೇಲೆ ತಾಯಿಯನ್ನು ಕಾಣಲು ಮರಳಿದ. ಆ ತಾಯಿ ರತ್ನಕ್ಕನಾಗಿ ತಾರಾ ಅವರು ನಟಿಸಿದ್ದಾರೆ.

ಕೊಂದವರು ಯಾರೆಂಬುದನ್ನು ಇಲ್ಲಿ ಹೇಳಿಬಿಡುವುದು ಚಿತ್ರವನ್ನು ನೋಡದ ಓದುಗರಿಗೆ ಅನ್ಯಾಯವಾದೀತು. ಹೇಳಿದರೂ ಚಿತ್ರ ಮುಗಿದಂತಾಗದು. ಜಪಾನಿನ ಕುರೋಸಾವಾ 1950ರಲ್ಲಿ ತೆಗೆದ ‘ರಾಶೋಮನ್’ ಚಿತ್ರದಲ್ಲಿಯೂ ಒಂದು ಸಾವಿಗೆ ಹಲವು ಸಾಕ್ಷಿಗಳುಂಟು. ಅಲ್ಲಿ ಸತ್ತವನೇ ಒಬ್ಬ ಮಾಧ್ಯಮದ ಮೈಮೇಲೆ ಬಂದು ತನ್ನ ಹೇಳಿಕೆ ಕೊಡುತ್ತಾನೆ. ಮಲ್ಪೆಯ ಕಥೆಯ ಹೆಸರು ಆ ಸೌಲಭ್ಯವನ್ನು ನಿರಾಕರಿಸುತ್ತದೆ. ‘ಉಳಿದವರು’ ಎಂದರೆ ಇತರರು. ‘ಉಳಿದವರು’ ಎಂದರೆ ಬದುಕಿ ಉಳಿದವರೂ ಹೌದು. ಸತ್ತವನ ಪರವಾಗಿ ಮಾತಾಡಬೇಕಾದವರು ಇವರೇ. ಇವರು ಕಂಡುದೆಷ್ಟು? ಕಂಡಾಗ ಮಾಡಿದುದೇನು?

ಹೆಸರು ತಿಳಿದ ಮೇಲೂ ಈ ಪ್ರಶ್ನೆ ಪ್ರೇಕ್ಷಕನ ಜೊತೆ ಮನೆಗೆ ಬರುತ್ತದೆ. ನೀರು ಇಳಿದಾಗ ಬೊಡ್ಡೆಗಳು ಕಾಣುತ್ತವೆ, ನಿಜ. ಅಲ್ಲಿ ಇದ್ದ ಕಾಡು ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಕಂಡವರು ಮಾತ್ರ.