‘ಶಾಂತಲಾ’ ಮೆಚ್ಚಿದವರ ಪರವಾಗಿ

ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ, ನರ್ತಕಿ ಶಾಂತಲೆಯನ್ನು ಕುರಿತ ಕೆ.ವಿ. ಅಯ್ಯರ್ ಅವರ ಕಾದಂಬರಿ ‘ಶಾಂತಲಾ’ ನನಗೆ ಬಲು ಇಷ್ಟ ಎಂದು ಗೆಳೆಯರ ನಡುವೆ ಹೇಳಿಬಿಟ್ಟೆ. ಅಂದಿನಿಂದ ತಕರಾರುಗಳ ಸುರಿಮಳೆ. ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಹೊಣೆ.

ಮೊದಲ ತಕರಾರು, ಇದು ಇತಿಹಾಸವಲ್ಲ ಎಂಬುದು. 1123ರಲ್ಲಿ ಶಾಂತಲೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಬಸದಿ ಎಂದೇ ಹೆಸರು; ಅದು ಶಾಸನದಲ್ಲಿ ಬರುವ ಅವಳ ಬಿರುದು. ಸವತಿಯರ ಪಾಲಿಗೆ ಮದ್ದಾನೆಯಾಗಿದ್ದವಳು ಅಯ್ಯರ್ ಕೈಯಲ್ಲಿ ಸವತಿ ಲಕ್ಷ್ಮಿಯ ಜೀವದ ಗೆಳತಿಯಾಗಿದ್ದಾಳೆ, ಇದ್ಯಾವ ನ್ಯಾಯ ಎನ್ನುತ್ತಾರೆ. ಗಟ್ಟಿ ಪ್ರಶ್ನೆಯೇ. ಆದರೆ ಶಾಸನ ಬರೆದವನೂ ಹೊಗಳಲೆಂದೇ ಕುಳಿತವನು. ಯುದ್ಧಕ್ಕೆ ಹೊರಟ ರಾಜನಿಗೆ ಸಿಂಹದ ಬಿರುದು ಕೊಟ್ಟಷ್ಟೇ ಸಲೀಸಾಗಿ ರಾಣಿಗೆ ಆನೆಯ ಬಿರುದು ಕೊಡುವ ಕಾಲ ಅದು. ಅಂತಃಪುರದಲ್ಲಿ ಇಬ್ಬರು ಹೆಂಗಸರು ಸಂಜೆ ಕೂತು ಏನು ಮಾತಾಡಿಕೊಂಡರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಕಲ್ಲು ಹೇಳುವುದಿಷ್ಟು: ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, 1131ರಲ್ಲಿ ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡಳು, ಮಗಳ ಹಿಂದೆಯೇ ತಾಯಿ ಬೆಳಗೊಳಕ್ಕೆ ಹೋಗಿ ಉಪವಾಸವಿದ್ದು ದೇಹ ಬಿಟ್ಟಳು. ವಿಷ್ಣುವರ್ಧನನ ನಂತರ ಪಟ್ಟಕ್ಕೆ ಬಂದ ನರಸಿಂಹ, ಲಕ್ಷ್ಮೀದೇವಿಯ ಮಗ. ಈ ಸಂಗತಿಗಳ ನಡುವೆ ಬಿಟ್ಟ ಜಾಗ ಎಷ್ಟಿದೆ ನೋಡಿ! ಅಲ್ಲಿ ಕಾದಂಬರಿಕಾರ ಗುಡಿಸಲು ಹಾಕಿಕೊಂಡರೆ ಯಾರ ಜಮೀನೂ ಒತ್ತುವರಿಯಾಗುವುದಿಲ್ಲ.

ಎರಡನೆಯದು ಸ್ತ್ರೀಯರ ಪರವಾಗಿ ಬಂದದ್ದು. ಕಾದಂಬರಿಯಲ್ಲಿ ಮಕ್ಕಳಿಲ್ಲದ ಶಾಂತಲೆ ರಾಜ್ಯಕ್ಕೆ ಉತ್ತರಾಧಿಕಾರಿ ಸಿಗಲೆಂದು ಪ್ರಾಣ ಬಿಡುತ್ತಾಳೆ; ಹೆಣ್ಣಿನ ಆತ್ಮತ್ಯಾಗವನ್ನು ವೈಭವೀಕರಿಸುವ ಪುಸ್ತಕ ಇಂದು ಯಾಕೆ ಬೇಕು? ಇದಕ್ಕೆ ಪೂರ್ತಿ ಅಡ್ಡ ನಿಲ್ಲಲಾರೆ. ಸಿಂಹಾಸನಕ್ಕೆ ಮಗ ಬೇಕೆಂದು ಒಬ್ಬಳ ಬಾಳು ತೂಗುವ ಲೆಕ್ಕ ನನಗೂ ಹಿಡಿಸದು. ಹಾಗೆಂದು ಮೆಚ್ಚಿ ಓದಿದವರೆಲ್ಲ ಶಾಂತಲೆ ಮಾಡಿದ್ದೇ ಸರಿ ಎಂದು ರುಜು ಹಾಕಿದಂತಾಗುತ್ತದೆಯೇ? ಕರ್ಣನ ಸ್ವಾಮಿನಿಷ್ಠೆಗೆ ಕರಗುವವರು ದುರ್ಯೋಧನನ ಪಕ್ಷ ಸೇರುವುದಿಲ್ಲವಲ್ಲ. ಇನ್ನೊಂದು ಮಾತು. ಈ ಪ್ರೇಮಕಥೆಯಲ್ಲಿ ನನ್ನನ್ನು ಹಿಡಿದದ್ದು ರಾಜ ರಾಣಿಯರ ಪ್ರಣಯವಲ್ಲ, ಶಾಂತಲೆ ಮತ್ತು ಲಕ್ಷ್ಮಿಯರ ಸ್ನೇಹ. ತಲಕಾಡು ಗೆದ್ದ ವಿಷ್ಣುವರ್ಧನ ಎಷ್ಟೋ ಕಡೆ ಮೂರನೆಯವನಾಗಿ ಬಾಗಿಲಲ್ಲಿ ನಿಂತಂತೆ ಕಾಣುತ್ತಾನೆ. 1952ರ ಕನ್ನಡ ಕಾದಂಬರಿಯಲ್ಲಿ ಗಂಡಸೊಬ್ಬ ಹೆಣ್ಣು ಹೆಣ್ಣಿನ ಗೆಳೆತನಕ್ಕೆ ಇಷ್ಟು ಪುಟ ಕೊಟ್ಟದ್ದನ್ನು ಟೀಕಾಕಾರರು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ?

ಅಳಿಸುವ ಪುಸ್ತಕ ಎಂಬ ದೂರಿಗೆ ಏನು ಹೇಳಲಿ. ಹೌದು, ಅಳಿಸುತ್ತದೆ.

ಗರಡಿಯವರು ಬರೆದದ್ದು ಎಂದು ಒಬ್ಬರು ನಕ್ಕರು. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ್ದು ನಿಜ. ನಾಟಕಕಾರ ಕೈಲಾಸಂ ಅವರ ಆಪ್ತರಾಗಿದ್ದದ್ದೂ ನಿಜ. ದೇಹದ ವಿದ್ಯೆಯನ್ನು ಅರೆದು ಕುಡಿದವರು ನರ್ತಕಿಯ ಕಥೆ ಬರೆಯಬಾರದೆಂದರೆ ಇನ್ಯಾರು ಬರೆಯಬೇಕು?

ಭಾಷೆ ಭಾರ ಎಂಬುದನ್ನು ಒಪ್ಪುತ್ತೇನೆ. ಆಸ್ಥಾನದ ಮಾತುಕತೆ ಬಂದಾಗ ಸಂಸ್ಕೃತ ದಟ್ಟವಾಗುತ್ತದೆ. ಕೆಲವು ಪುಟ ನಾನೂ ಹಾರಿಸುತ್ತೇನೆ, ಪಾಪ ತಟ್ಟುವುದಿಲ್ಲ.

ಕೊನೆಯದು ಎಲ್ಲರೂ ಆಡುವ ಭಯ: ಓದುಗರು ಇದನ್ನೇ ಇತಿಹಾಸವೆಂದು ನಂಬಿಬಿಡುತ್ತಾರೆ. ಕನ್ನಡದ ಓದುಗರು ಅಷ್ಟು ಮುಗ್ಧರಲ್ಲ. ಸಿ.ಕೆ. ನಾಗರಾಜರಾವ್ ಶಾಸನಗಳನ್ನು ತಡಕಿ ‘ಪಟ್ಟಮಹಾದೇವಿ ಶಾಂತಲದೇವಿ’ ಬರೆದರು; 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಮೊದಲ ಬಾರಿ ಕೊಟ್ಟಾಗ ಅದು ಸಂದದ್ದು ಈ ಕೃತಿಗೇ. ಅಲ್ಲಿ ಶಾಂತಲೆಗೆ ಮಕ್ಕಳಿದ್ದಾರೆ, ಕಥೆಯ ಹಾದಿಯೇ ಬೇರೆ. ಎರಡನ್ನೂ ಓದಿ ಯಾವ ಶಾಂತಲೆ ನಿಜವೆಂದು ಊಟ ಮರೆತು ಜಗಳವಾಡುವವರನ್ನು ನೋಡಿದ್ದೇನೆ. ಬೇಲೂರು ದೇವಾಲಯದ ದರ್ಪಣಸುಂದರಿ ಶಿಲ್ಪವನ್ನು ತೋರಿಸಿ ಇವಳೇ ಶಾಂತಲೆ ಎನ್ನುವ ಗೈಡನ್ನು ಅಡ್ಡಪ್ರಶ್ನೆ ಕೇಳಿ ತಬ್ಬಿಬ್ಬು ಮಾಡುವವರೂ ಅವರೇ. ಒಂದನ್ನೂ ಓದದವರು ಮಾತ್ರ ಕೈಕಟ್ಟಿ ಕೇಳಿಸಿಕೊಳ್ಳುತ್ತಾರೆ.